ತನ್ನ ಕಣ್ಣನ್ನೇ ಸಂದೇಹಿಸಿದ ಪರೀಕ್ಷಕ: ಆಲ್ಫ್ರೆಡ್ ಬಿನೆ

ಮಗುವೊಂದು ಶಾಲೆಯ ಹೊಸ್ತಿಲನ್ನು ದಾಟಿ ಒಳಗೆ ಬಂದ ಕೆಲವೇ ತಿಂಗಳುಗಳಲ್ಲಿ ಅದರ ವಿಷಯದಲ್ಲಿ ಒಂದು ತೀರ್ಪು ಸಿದ್ಧವಾಗಿಬಿಡುತ್ತದೆ. ಚುರುಕು, ಸಾಧಾರಣ, ದಡ್ಡ ಎಂಬ ಮೂರು ಮಾತುಗಳಲ್ಲಿ ಒಂದು ಅದರ ಹೆಸರಿಗೆ ಅಂಟಿಕೊಂಡು ತರಗತಿಯಿಂದ ತರಗತಿಗೆ ಏರುತ್ತ ಹೋಗುತ್ತದೆ. ಆ ತೀರ್ಪನ್ನು ಕೊಟ್ಟವರ ಮನಸ್ಸು ಆಗ ಹೇಗಿತ್ತು, ಯಾರ ಮಾತು ಅದರ ಮೇಲೆ ಕೆಲಸ ಮಾಡಿತ್ತು, ಮಗುವಿನ ಉತ್ತರದಲ್ಲಿ ಮಗುವಿನದೆಷ್ಟು, ಪ್ರಶ್ನೆ ಕೇಳಿದವರದೆಷ್ಟು ಎಂದು ವಿಚಾರಿಸುವವರು ವಿರಳ. ಹೀಗೆ ವಿಚಾರಿಸಿದವರಲ್ಲಿ ಫ್ರಾನ್ಸ್ ದೇಶದ ಆಲ್ಫ್ರೆಡ್ ಬಿನೆ ಅಗ್ರಗಣ್ಯನು. ಶಿಕ್ಷಕರ ತರಬೇತಿ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆಲ್ಲ ಬುದ್ಧಿಮಾಪನದ ಪಿತಾಮಹನೆಂದು ಈತನ ಹೆಸರು ಪರಿಚಿತವಾಗಿದೆ. ಆದರೆ ಬುದ್ಧಿಯನ್ನು ಅಳೆಯಹೊರಡುವ ಮೊದಲು ಈತನು ಲೋಕದ ಕಣ್ಣೆದುರಿಗೇ ಮೋಸಹೋಗಿದ್ದನು, ಅದೂ ಬೇರೆಯವರಿಂದಲ್ಲ, ತನ್ನ ನಿರೀಕ್ಷೆಯಿಂದಲೇ, ಎಂಬ ಸಂಗತಿ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣಿಸುವುದಿಲ್ಲ.

ಬಿನೆ ಜನಿಸಿದ್ದು 1857ರ ಜುಲೈ 8ರಂದು, ಮೆಡಿಟರೇನಿಯನ್ ಸಮುದ್ರ ತೀರದ ನೀಸ್ ನಗರದಲ್ಲಿ. ಆ ಊರು ಆಗಿನ್ನೂ ಫ್ರಾನ್ಸಿಗೆ ಸೇರಿರಲಿಲ್ಲ. ಸೇರಿದ್ದು ಮೂರು ವರ್ಷಗಳ ಬಳಿಕ. ತಂದೆ ವೈದ್ಯ, ತಾಯಿ ಚಿತ್ರಕಲಾವಿದೆ. ದಂಪತಿಗಳು ಬೇರೆಯಾದುದರಿಂದ ಬಾಲಕನು ತಾಯಿಯ ಆಶ್ರಯದಲ್ಲಿ ಬೆಳೆದು, ಮುಂದೆ ಪ್ಯಾರಿಸ್ಸಿನ ಪ್ರಸಿದ್ಧವಾದ ಲೂಯಿ-ಲ-ಗ್ರಾಂ ವಿದ್ಯಾಶಾಲೆಯಲ್ಲಿ ಓದಿದನು. 1878ರಲ್ಲಿ ಕಾನೂನಿನ ಪದವಿ ಬಂದಿತು. ವಕೀಲಿಯಲ್ಲಿ ಮನಸ್ಸು ನಿಲ್ಲಲಿಲ್ಲ. ವೈದ್ಯಶಾಸ್ತ್ರಕ್ಕೆ ಕೈಹಾಕಿದನು, ಅದನ್ನೂ ಮುಗಿಸಲಿಲ್ಲ. ಮನೆಯಲ್ಲಿ ಅನುಕೂಲವಿದ್ದುದರಿಂದ ಅನ್ನದ ಚಿಂತೆಯಿರಲಿಲ್ಲ. ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಮನಶ್ಶಾಸ್ತ್ರದ ಗ್ರಂಥಗಳನ್ನು ಒಂದೊಂದಾಗಿ ಓದತೊಡಗಿದನು. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ಲನ ಬರಹಗಳು ಆತನನ್ನು ಸೆರೆಹಿಡಿದವು. ಗುರುವಿಲ್ಲ, ಸಹಪಾಠಿಗಳಿಲ್ಲ, ಪ್ರಯೋಗಶಾಲೆಯಿಲ್ಲ, ಪುಸ್ತಕವೇ ಸರ್ವಸ್ವ.

ಹೀಗೆ ಓದಿದ ವಿದ್ಯೆಯ ಫಲವಾಗಿ 1880ರಲ್ಲಿ ಆತನ ಮೊದಲ ಲೇಖನ ಪ್ರಕಟವಾಯಿತು. ಚರ್ಮದ ಮೇಲೆ ಎರಡು ಸ್ಪರ್ಶಗಳು ಯಾವಾಗ ಒಂದೇ ಆಗಿ ತೋರುತ್ತವೆ ಎಂಬುದು ಅದರ ವಿಷಯ. ಬೆಲ್ಜಿಯಂ ದೇಶದ ಲೀಜ್ ವಿಶ್ವವಿದ್ಯಾನಿಲಯದ ಜೋಸೆಫ್ ದೆಲ್ಬೊಫ್ ಎಂಬ ಪ್ರಾಧ್ಯಾಪಕನು ಅದನ್ನು ಓದಿ, ಈ ವಿಷಯದಲ್ಲಿ ಹಿಂದಿನವರು ಮಾಡಿದ್ದ ಕೆಲಸವನ್ನು ತರುಣನು ಅರಿತಿಲ್ಲವೆಂದು ನಿರ್ದಾಕ್ಷಿಣ್ಯವಾಗಿ ತೋರಿಸಿಕೊಟ್ಟನು. ಇಪ್ಪತ್ತಮೂರು ವರ್ಷದ ಲೇಖಕನಿಗೆ ಅದು ಸಣ್ಣ ಪೆಟ್ಟು. ದೊಡ್ಡ ಪೆಟ್ಟು ಮುಂದೆ ಅದೇ ಕೈಯಿಂದ ಬರಲಿತ್ತು.

1883ರಲ್ಲಿ ಹಳೆಯ ಸಹಪಾಠಿ ಬಾಬಿನ್ಸ್ಕಿ ಆತನನ್ನು ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಗೆ ಕರೆದೊಯ್ದನು. ಅಲ್ಲಿನ ಮುಖ್ಯಸ್ಥ ಶಾರ್ಕೋ ನರರೋಗಗಳ ವಿಷಯದಲ್ಲಿ ಅಂದಿನ ಯೂರೋಪಿಗೇ ಪ್ರಮಾಣಪುರುಷನು. ಆತನ ಉಪನ್ಯಾಸವನ್ನು ಕೇಳಲು ವೈದ್ಯರಷ್ಟೇ ಅಲ್ಲ, ಸಾಹಿತಿಗಳೂ ಗಣ್ಯರೂ ನೆರೆಯುತ್ತಿದ್ದರು. ವಿಯೆನ್ನಾದಿಂದ ಬಂದ ಸಿಗ್ಮಂಡ್ ಫ್ರಾಯ್ಡ್ ಎಂಬ ತರುಣ ವೈದ್ಯನೂ 1885-86ರ ಚಳಿಗಾಲದಲ್ಲಿ ಆ ಸಭಾಂಗಣದಲ್ಲಿ ಕುಳಿತಿದ್ದನು. ಉನ್ಮಾದ ರೋಗಿಗಳನ್ನು ಸಮ್ಮೋಹನ ನಿದ್ರೆಗೆ ಒಳಪಡಿಸಿದಾಗ ಆ ನಿದ್ರೆ ಮೂರು ಖಚಿತ ಹಂತಗಳಲ್ಲಿ ಸಾಗುತ್ತದೆಂದೂ, ಅದು ನರಮಂಡಲದ ನಿಯಮವೆಂದೂ ಶಾರ್ಕೋ ಸಾರುತ್ತಿದ್ದನು. ಗ್ರಂಥಾಲಯದ ಒಂಟಿತನದಿಂದ ಹೊರಬಂದ ಬಿನೆಗೆ ಇಂಥ ಮಹಾಪುರುಷನ ಸಾನ್ನಿಧ್ಯ ದೊರೆತಾಗ ಸಂದೇಹಕ್ಕೆ ಎಡೆಯೆಲ್ಲಿ?

ಶಾರ್ಲ್ ಫೆರೆ ಎಂಬ ವೈದ್ಯನೊಡನೆ ಕೂಡಿ ಬಿನೆ ಪ್ರಯೋಗಗಳಿಗೆ ತೊಡಗಿದನು. ಸಮ್ಮೋಹನದಲ್ಲಿರುವ ರೋಗಿಯ ಒಂದು ಕೈಯನ್ನು ಮೇಲೆತ್ತಿ ನಿಲ್ಲಿಸುವುದು. ಇನ್ನೊಂದು ಪಕ್ಕದಲ್ಲಿ ಅಯಸ್ಕಾಂತವನ್ನು ಇಡುವುದು. ಸ್ವಲ್ಪ ಹೊತ್ತಿನಲ್ಲಿ ಎತ್ತಿದ ಕೈ ಇಳಿದು, ಅಯಸ್ಕಾಂತದ ಕಡೆಯ ಕೈ ಏಳುತ್ತಿತ್ತು. ಇನ್ನೂ ಆಶ್ಚರ್ಯಕರವಾದ ಸಂಗತಿ ಮುಂದಿನದು. ಅಯಸ್ಕಾಂತವನ್ನು ಹತ್ತಿರ ತಂದರೆ ಭಾವನೆಗಳೇ ತಿರುಗಿ ಬೀಳುತ್ತಿದ್ದವು. ಅಳುತ್ತಿದ್ದವಳು ನಗುತ್ತಿದ್ದಳು, ಅಂಜುತ್ತಿದ್ದವಳು ಧೈರ್ಯಶಾಲಿಯಾಗುತ್ತಿದ್ದಳು. ಪ್ರಯೋಗ ಎಷ್ಟು ಸಲ ಮಾಡಿದರೂ ಅದೇ ಫಲ. ಬೆರಳೆಣಿಕೆಯ ರೋಗಿಗಳ ಮೇಲೆ ನಡೆದ ಈ ಪ್ರಯೋಗಗಳನ್ನು 1885ರಿಂದ ಇಬ್ಬರೂ ಪ್ರಕಟಿಸುತ್ತ ಬಂದು, 1887ರಲ್ಲಿ ಈ ವಿದ್ಯಮಾನವನ್ನು ಕುರಿತು ಒಂದು ಗ್ರಂಥವನ್ನೂ ಹೊರತಂದರು.

ಓದಿದ ದೆಲ್ಬೊಫನಿಗೆ ನಂಬುಗೆ ಬರಲಿಲ್ಲ. ಕಾಗದದ ಮೇಲೆ ವಾದಿಸುವುದಕ್ಕಿಂತ ಕಣ್ಣಾರೆ ನೋಡುವುದೇ ಮೇಲೆಂದು 1885ರ ಡಿಸೆಂಬರಿನಲ್ಲಿ ಆತನು ಪ್ಯಾರಿಸ್ಸಿಗೆ ಬಂದನು. ಪ್ರಯೋಗವನ್ನು ಆತನಿಗೆ ಆದರದಿಂದಲೇ ತೋರಿಸಲಾಯಿತು. ಆತನು ಕಂಡದ್ದಾದರೂ ಏನು? ಅಯಸ್ಕಾಂತವನ್ನು ಯಾರೂ ಮರೆಮಾಡುತ್ತಿರಲಿಲ್ಲ. ರೋಗಿ ನಿದ್ರೆಯಲ್ಲಿರುವಳು, ಏನೂ ಕೇಳಿಸದೆಂದು ಭಾವಿಸಿ ಪ್ರಯೋಗಕಾರರು ಮುಂದೆ ಏನಾಗುವುದೆಂಬುದನ್ನು ಆಕೆಯ ಎದುರಿಗೇ ಮಾತಾಡಿಕೊಳ್ಳುತ್ತಿದ್ದರು. ಅದೇ ರೋಗಿಗಳು ವರ್ಷಗಟ್ಟಲೆ ಅದೇ ವೈದ್ಯರ ಕೈಯಲ್ಲಿ ಪಳಗಿದವರು. ಯಜಮಾನನ ಮುಖ ನೋಡಿಯೇ ಆತನಿಗೆ ಏನು ಬೇಕೆಂದು ಅರಿಯಬಲ್ಲವರು. ದೆಲ್ಬೊಫ್ ಊರಿಗೆ ಮರಳಿ ತಾನೇ ಪ್ರಯೋಗ ಮಾಡಿ ನೋಡಿದನು. ಬೇಕಾದ ಸೂಚನೆ ರೋಗಿಗೆ ದೊರೆತರೆ ಅಯಸ್ಕಾಂತದ ಮಹಿಮೆಗಳೆಲ್ಲ ನಡೆಯುತ್ತಿದ್ದವು. ಸೂಚನೆ ದೊರೆಯದಿದ್ದರೆ ಇಲ್ಲ. ನಾನ್ಸಿ ಪಟ್ಟಣದ ಬೆರ್ನ್‌ಹೈಮ್ ಮತ್ತು ಆತನ ಸಂಗಡಿಗರು ಹೇಳುತ್ತಿದ್ದುದೂ ಇದನ್ನೇ: ಸಮ್ಮೋಹನದ ಬಲವೆಲ್ಲ ಸೂಚನೆಯ ಬಲ, ಒಬ್ಬರ ಮಾತಿಗೆ ಇನ್ನೊಬ್ಬರ ಮನಸ್ಸು ಬಾಗುವ ಬಲ.

ಬಿನೆ ಒಡನೆಯೇ ಸೋಲೊಪ್ಪಿದನೆಂದು ಬರೆದರೆ ಕಥೆಗೆ ಸೊಗಸು ಬಂದೀತು, ಸತ್ಯಕ್ಕೆ ಅಪಚಾರವಾದೀತು. ಆತನು ಕೆಲವು ವರ್ಷಗಳ ಕಾಲ ಹಟದಿಂದ ಪ್ರತಿವಾದ ಮಾಡಿದನು. ನಂಬಿದ ಗುರುವನ್ನೂ ಮುದ್ರಿಸಿದ ಮಾತನ್ನೂ ಬಿಡುವುದು ಸುಲಭವಲ್ಲ. ಆದರೆ ಬರಬರುತ್ತ ಸಾಕ್ಷ್ಯ ಬೆಟ್ಟದಂತೆ ಬೆಳೆಯಿತು. 1890ರ ಸುಮಾರಿಗೆ ಆತನು ಸಾಲ್ಪೆಟ್ರಿಯೇರನ್ನು ತ್ಯಜಿಸಿದನು. ಸೂಚನೆಯೆಂಬ ಪ್ರಮಾದದ ಮೂಲವನ್ನು ತಾವು ಗಣನೆಗೆ ತಂದುಕೊಳ್ಳಲಿಲ್ಲವೆಂದು ಅನಂತರದ ಬರಹಗಳಲ್ಲಿ ಒಪ್ಪಿಕೊಂಡನು. ಮೂವತ್ತಮೂರು ವರ್ಷದ ವಯಸ್ಸಿಗೆ ಆತನ ಕೈಯಲ್ಲಿ ಉದ್ಯೋಗವಿರಲಿಲ್ಲ, ಹೆಸರಿಗೆ ಕಲೆ ತಗಲಿತ್ತು.

ಆದರೆ ಮನೆಯಲ್ಲಿ ಇಬ್ಬರು ಪುಟ್ಟ ಗುರುಗಳಿದ್ದರು. 1884ರಲ್ಲಿ ಆತನು ಭ್ರೂಣಶಾಸ್ತ್ರಜ್ಞ ಬಾಲ್ಬಿಯಾನಿಯ ಮಗಳಾದ ಲೋರ್ ಎಂಬಾಕೆಯನ್ನು ವರಿಸಿದ್ದನು. 1885ರಲ್ಲಿ ಮ್ಯಾಡ್ಲೆನ್, 1887ರಲ್ಲಿ ಆಲಿಸ್ ಎಂಬ ಹೆಣ್ಣುಮಕ್ಕಳು ಹುಟ್ಟಿದರು. ಆಸ್ಪತ್ರೆಯಲ್ಲಿ ತಾನು ಕಾಣಬೇಕೆಂದುಕೊಂಡದ್ದನ್ನೇ ಕಂಡವನು ಈಗ ಕಂಡದ್ದನ್ನು ಕಂಡಂತೆ ಬರೆದುಕೊಳ್ಳಲು ಕಲಿತನು. ನಡೆಯಲು ಕಲಿಯುವಾಗ ಹಿರಿಯವಳು ಕುರ್ಚಿಯನ್ನೋ ಮೇಜನ್ನೋ ಹಿಡಿದು, ಮುಂದಿನ ಆಧಾರ ಎಟಕುವುದೆಂದು ಖಾತ್ರಿಯಾದ ಮೇಲೆಯೇ ಹೆಜ್ಜೆ ಇಡುತ್ತಿದ್ದಳು. ಕಿರಿಯವಳು ಹಿಂದುಮುಂದು ನೋಡದೆ ಕೋಣೆಯ ನಡುವಿಗೆ ನುಗ್ಗುತ್ತಿದ್ದಳು. ಒಂದೇ ಮನೆ, ಒಂದೇ ಊಟ, ಒಂದೇ ಅಕ್ಕರೆ. ಆದರೆ ನಿರ್ಧಾರ ಕೈಗೊಳ್ಳುವ ರೀತಿ ಇಬ್ಬರದೂ ಬೇರೆ. ಬಿಲ್ಲೆಗಳ ಎರಡು ಗುಂಪನ್ನಿಟ್ಟು ಯಾವುದರಲ್ಲಿ ಹೆಚ್ಚಿದೆಯೆಂದು ಕೇಳಿದರೆ, ಎಣಿಸಲರಿಯದ ಮಗು ಮೇಜಿನ ಮೇಲೆ ಹೆಚ್ಚು ಜಾಗ ಹಿಡಿದ ಗುಂಪನ್ನೇ ತೋರಿಸುತ್ತದೆ ಎಂಬುದನ್ನೂ ಆತನು ಈ ಮಕ್ಕಳಿಂದಲೇ ಅರಿತನು. ಇವುಗಳನ್ನೆಲ್ಲ 1890ರಲ್ಲಿ ಸಣ್ಣ ಲೇಖನಗಳಾಗಿ ಪ್ರಕಟಿಸಿದನು. ದೊಡ್ಡವರ ಮೇಲಿನ ಅಯಸ್ಕಾಂತದ ಆಡಂಬರಕ್ಕಿಂತ ಈ ಮನೆಯ ಟಿಪ್ಪಣಿಗಳೇ ಮುಂದೆ ಬಾಳಿದವು.

1891ರಲ್ಲಿ ರೂಆನ್ ಪಟ್ಟಣದ ರೈಲು ನಿಲ್ದಾಣದಲ್ಲಿ ಆತನಿಗೆ ಆನ್ರಿ ಬೋನಿಸ್ ಎದುರಾದನು. ಬೋನಿಸ್ ನಾನ್ಸಿಯ ಪಕ್ಷದವನು, ಹಿಂದಿನ ವಾಗ್ವಾದದಲ್ಲಿ ಎದುರಾಳಿ. ಎರಡು ವರ್ಷಗಳ ಹಿಂದೆ ಸೋರ್ಬಾನ್ ವಿಶ್ವವಿದ್ಯಾನಿಲಯದಲ್ಲಿ ಸ್ಥಾಪನೆಯಾಗಿದ್ದ ಮನಶ್ಶಾಸ್ತ್ರ ಪ್ರಯೋಗಶಾಲೆಯ ನಿರ್ದೇಶಕ. ಬಿನೆ ತಾನಾಗಿಯೇ ಹತ್ತಿರ ಹೋಗಿ ಪರಿಚಯ ಹೇಳಿಕೊಂಡು, ಆ ಪ್ರಯೋಗಶಾಲೆಯಲ್ಲಿ ವೇತನವಿಲ್ಲದೆ ದುಡಿಯಲು ಅವಕಾಶ ಬೇಡಿದನು. ಬೋನಿಸನೂ ದೊಡ್ಡ ಮನಸ್ಸಿನವನು, ಒಪ್ಪಿದನು. 1894ರಲ್ಲಿ ಬೋನಿಸನ ಸ್ಥಾನವೇ ಬಿನೆಗೆ ಬಂದಿತು. ಮರುವರ್ಷ ಆತನು ಆರಂಭಿಸಿದ ಮನಶ್ಶಾಸ್ತ್ರದ ವಾರ್ಷಿಕ ಪತ್ರಿಕೆ ಇಂದಿಗೂ ನಡೆದುಬಂದಿದೆ.

ಆ ವರ್ಷಗಳಲ್ಲಿ ಆತನು ಕೈಯಿಟ್ಟ ವಿಷಯಗಳು ಒಂದೆರಡಲ್ಲ. ಕೀಟಗಳ ನರಮಂಡಲವನ್ನು ಕುರಿತು ಡಾಕ್ಟರೇಟ್ ಪಡೆದನು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಚದುರಂಗವಾಡುವವರನ್ನು ಪರೀಕ್ಷಿಸಿದನು. ಬರವಣಿಗೆಯಿಂದ ಸ್ವಭಾವವನ್ನು ಹೇಳುವೆವೆಂಬವರ ವಿದ್ಯೆಯನ್ನು ಒರೆಗೆ ಹಚ್ಚಿದನು. ಈ ಗಂಭೀರ ವಿದ್ವಾಂಸನು ಬಿಡುವಿನ ವೇಳೆಯಲ್ಲಿ ಆಂದ್ರೆ ದ ಲಾರ್ದ್ ಎಂಬ ನಾಟಕಕಾರನೊಡನೆ ಸೇರಿ ಪ್ಯಾರಿಸ್ಸಿನ ರಂಗಭೂಮಿಗೆ ಎದೆ ನಡುಗಿಸುವ ಭಯಾನಕ ನಾಟಕಗಳನ್ನು ಬರೆಯುತ್ತಿದ್ದನೆಂದರೆ ಅನೇಕರಿಗೆ ವಿಸ್ಮಯವಾದೀತು. ಇವುಗಳಲ್ಲಿ ಗಣಿತಚತುರರ ಪರೀಕ್ಷೆಯೊಂದನ್ನು ಮಾತ್ರ ಇಲ್ಲಿ ಹೇಳಬೇಕು. ಕುರಿ ಕಾಯುತ್ತಿದ್ದ ಇನೋದಿ ಎಂಬ ಇಟಲಿಯ ಹುಡುಗನು ದೊಡ್ಡ ದೊಡ್ಡ ಲೆಕ್ಕಗಳನ್ನು ಬಾಯಲ್ಲೇ ಮಾಡಿ ಖ್ಯಾತನಾಗಿದ್ದನು. ಜನ ಅದನ್ನು ದೈವದತ್ತವೆಂದರು. ಬಿನೆ ಆತನನ್ನು ಪ್ಯಾರಿಸ್ಸಿನ ಬೊನ್ ಮಾರ್ಶೆ ಎಂಬ ದೊಡ್ಡ ಅಂಗಡಿಯ ಹಳೆಯ ನಗದು ಗುಮಾಸ್ತರೊಡನೆ ಹೋಲಿಸಿ ನೋಡಿದನು. ಚಿಕ್ಕ ಗುಣಾಕಾರಗಳಲ್ಲಿ ಗುಮಾಸ್ತರು ಹಿಂದೆ ಬೀಳಲಿಲ್ಲ. ಅಂಕಿಗಳ ಸಾಲು ಬೆಳೆದಂತೆ ಮಾತ್ರ ಇನೋದಿಯ ಜ್ಞಾಪಕಶಕ್ತಿ ಅವರನ್ನು ಹಿಂದಿಕ್ಕಿತು. ಜನ ಒಂದೇ ಮಾತಿನಲ್ಲಿ ದೈವದತ್ತವೆಂದುಬಿಟ್ಟ ಶಕ್ತಿಯನ್ನು ಬಿಡಿಸಿ ನೋಡಿದಾಗ ಅದರಲ್ಲೊಂದು ಪಾಲು ದಿನನಿತ್ಯದ ಅಭ್ಯಾಸದಿಂದಲೂ ಬರತಕ್ಕದ್ದೆಂಬುದು ತಿಳಿಯಿತು.

ಸಾಲ್ಪೆಟ್ರಿಯೇರಿನ ಗಾಯವನ್ನು ಆತನು ಮರೆತಿರಲಿಲ್ಲ. ತನ್ನನ್ನು ಕೆಡವಿದ ಆ ಸೂಚನೆಯ ಬಲವನ್ನೇ ಈಗ ಆತನು ಅಧ್ಯಯನದ ವಸ್ತುವನ್ನಾಗಿ ಮಾಡಿಕೊಂಡನು. ಸಮ್ಮೋಹನ ಬೇಡ, ರೋಗಿಗಳೂ ಬೇಡ. ಎಚ್ಚರದಲ್ಲಿರುವ, ಆರೋಗ್ಯವಂತರಾದ ಶಾಲಾ ಮಕ್ಕಳ ಮನಸ್ಸು ಇನ್ನೊಬ್ಬರ ಮಾತಿಗೆ ಎಷ್ಟರಮಟ್ಟಿಗೆ ಬಾಗುತ್ತದೆ? ಪ್ಯಾರಿಸ್ಸಿನ ಪ್ರಾಥಮಿಕ ಶಾಲೆಗಳಲ್ಲಿ ವರ್ಷಗಟ್ಟಲೆ ನಡೆಸಿದ ಪ್ರಯೋಗಗಳು 1900ರಲ್ಲಿ ಒಂದು ದೊಡ್ಡ ಗ್ರಂಥವಾಗಿ ಬಂದವು. ಬುದ್ಧಿಮಾಪನದ ಖ್ಯಾತಿಯ ಮುಂದೆ ಈ ಗ್ರಂಥ ಮಸುಕಾಗಿ ಹೋದದ್ದು ವಿಷಾದದ ಸಂಗತಿ. ಅಧ್ಯಾಪಕರಾದವರಿಗೆ ಉಪಯುಕ್ತತೆಯಲ್ಲಿ ಇದು ಅದಕ್ಕಿಂತ ಹಿರಿದೆಂದರೂ ಸಲ್ಲುತ್ತದೆ.

ಒಂದು ಪ್ರಯೋಗ ಹೀಗಿದೆ. ಮಗುವಿಗೆ ಒಂದೊಂದೇ ಗೆರೆಯನ್ನು ತೋರಿಸಿ ಅಷ್ಟೇ ಉದ್ದದ ಗೆರೆ ಎಳೆಯಲು ಹೇಳುವುದು. ಮೊದಲ ಐದು ಗೆರೆಗಳು ಒಂದಕ್ಕಿಂತ ಒಂದು ಉದ್ದ. ಅನಂತರ ಬರುವ ಗೆರೆಗಳೆಲ್ಲ ಐದನೆಯದರಷ್ಟೇ. ಆದರೂ ಮಕ್ಕಳು ಪ್ರತಿಯೊಂದು ಗೆರೆಯನ್ನೂ ಹಿಂದಿನದಕ್ಕಿಂತ ಉದ್ದವಾಗಿ ಎಳೆಯುತ್ತ ಹೋದರು. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಮೊದಲ ಐದು ಗೆರೆಗಳು ಮನಸ್ಸಿಗೆ ಒಂದು ದಾರಿ ಹಾಕಿಕೊಟ್ಟಿದ್ದವು. ಕಣ್ಣು ಕಂಡದ್ದಕ್ಕಿಂತ ಆ ದಾರಿಯೇ ಬಲವಾಯಿತು. ಪ್ರಯೋಗ ಮುಗಿದ ಮೇಲೆ ಬಿನೆ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹೀಗೇಕೆ ಮಾಡಿದಿರೆಂದು ಮೃದುವಾಗಿ ವಿಚಾರಿಸಿದನು. ಗೆರೆ ಬೆಳೆಯುತ್ತಲೇ ಹೋಗುವುದೆಂದು ತಾವು ಎಣಿಸಿಕೊಂಡಿದ್ದೆವೆಂದು ಹಲವರು ತಾವೇ ಗುರುತಿಸಿದರು. ತಮ್ಮ ತಪ್ಪಿನ ಕಾರಣವನ್ನು ಮಕ್ಕಳೇ ಹೇಳಬಲ್ಲರು, ಕೇಳುವವರಿದ್ದರೆ.

ಇನ್ನೊಂದು ಪ್ರಯೋಗದಲ್ಲಿ ಗೆರೆಯೊಂದನ್ನು ತೋರಿಸಿ ಮರೆಮಾಡಿ, ಅನೇಕ ಗೆರೆಗಳ ನಡುವೆ ಅದನ್ನು ಗುರುತಿಸಲು ಹೇಳಲಾಗುತ್ತಿತ್ತು. ಮಗು ಬೆರಳಿಟ್ಟು ತೋರಿಸಿದೊಡನೆ, ಖಂಡಿತವೇ, ಪಕ್ಕದ್ದಲ್ಲವೇ ಎಂದು ಮೆಲ್ಲನೆ ಕೇಳುವುದು. ಅಷ್ಟು ಸಾಕಿತ್ತು. ಸರಿಯಾಗಿ ತೋರಿಸಿದ್ದವರೂ ಬೆರಳನ್ನು ಸರಿಸಿಬಿಡುತ್ತಿದ್ದರು. ಚಿಕ್ಕವರಲ್ಲಿ ಇದು ಹೆಚ್ಚು, ದೊಡ್ಡವರಲ್ಲಿ ಕಡಿಮೆ. ಮೂವರು ಮಕ್ಕಳನ್ನು ಒಟ್ಟಿಗೆ ನಿಲ್ಲಿಸಿ ಪ್ರಶ್ನೆ ಕೇಳಿದರೆ ಮೊದಲು ಬಾಯಿ ಬಿಟ್ಟವನೇ ನಾಯಕನಾಗುತ್ತಿದ್ದನು, ಉಳಿದಿಬ್ಬರು ಅವನ ತಪ್ಪನ್ನೂ ಅನುಸರಿಸುತ್ತಿದ್ದರು.

ಎಲ್ಲಕ್ಕಿಂತ ಮಿಗಿಲಾದದ್ದು ರಟ್ಟಿನ ಹಾಳೆಯ ಪ್ರಯೋಗ. ಒಂದು ರಟ್ಟಿನ ಮೇಲೆ ನಾಣ್ಯ, ಗುಂಡಿ, ಅಂಚೆಚೀಟಿ, ಚಿತ್ರ ಮುಂತಾದ ಕೆಲವು ವಸ್ತುಗಳನ್ನು ಅಂಟಿಸಿ ಕೆಲವೇ ಕ್ಷಣ ತೋರಿಸಿ ಮರೆಮಾಡಲಾಗುತ್ತಿತ್ತು. ಕಂಡದ್ದನ್ನು ತಾವಾಗಿಯೇ ಬರೆದ ಮಕ್ಕಳು ಕಡಿಮೆ ಬರೆದರು, ಆದರೆ ತಪ್ಪುಗಳೂ ಕಡಿಮೆಯೇ. ಪ್ರಶ್ನೆ ಕೇಳತೊಡಗಿದೊಡನೆ ತಪ್ಪು ಹೆಚ್ಚಿತು. ಪ್ರಶ್ನೆಯ ಒಳಗೇ ಉತ್ತರವನ್ನು ಅಡಗಿಸಿಟ್ಟಾಗ, ಅಂದರೆ ಅಂಟಿನಿಂದ ಕೂರಿಸಿದ ಗುಂಡಿಯನ್ನು ಹೊಲಿದ ದಾರದ ವಿಷಯ ಕೇಳಿದಾಗ, ಮಕ್ಕಳು ಕಾಣದ ದಾರವನ್ನೂ ಕಂಡೆವೆಂದರು. ಸುಳ್ಳು ಹೇಳಬೇಕೆಂದು ಹೇಳಿದವರಲ್ಲ. ನಿಜವಾಗಿ ಕಂಡಿದ್ದೆವೆಂದೇ ನಂಬಿದ್ದರು. ನ್ಯಾಯಾಲಯದಲ್ಲಿ ಸಾಕ್ಷಿಗಳನ್ನು ಪ್ರಶ್ನಿಸುವವರು ಇದನ್ನು ಗಮನಿಸಬೇಕೆಂದು ಬಿನೆ ಅಂದೇ ಎಚ್ಚರಿಸಿದನು. ಹಿಂದೊಮ್ಮೆ ಕಲಿತ ಕಾನೂನು ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂದಿತೆನ್ನಬೇಕು.

ಇಷ್ಟಾದರೂ ಆತನು ಸೂಚನೆಯ ಬಲೆಯಿಂದ ಪಾರಾದೆನೆಂದು ಬೀಗಲಿಲ್ಲ. ತಲೆ ದೊಡ್ಡದಿದ್ದರೆ ಬುದ್ಧಿ ಹೆಚ್ಚೆಂಬ ನಂಬಿಕೆ ಅಂದಿನ ವಿದ್ವಾಂಸರಲ್ಲಿ ಪ್ರಬಲವಾಗಿತ್ತು. ಬಿನೆಯೂ ಅದನ್ನು ನಂಬಿ, ಉಪಾಧ್ಯಾಯರು ಜಾಣರೆಂದೂ ಮಂದರೆಂದೂ ಆರಿಸಿಕೊಟ್ಟ ಮಕ್ಕಳ ತಲೆಗಳನ್ನು ಅಳೆಯುತ್ತ ಶಾಲೆಯಿಂದ ಶಾಲೆಗೆ ಅಲೆದನು. ಸಿಕ್ಕ ವ್ಯತ್ಯಾಸ ಒಂದು ಮಿಲಿಮೀಟರಿನ ಆಸುಪಾಸು. ಆಗ ಆತನಿಗೆ ಒಂದು ಭಯ ಹುಟ್ಟಿತು: ಜಾಣನ ತಲೆಯೆಂದು ಗೊತ್ತಿದ್ದಾಗ ಅಳತೆಯ ಉಪಕರಣವನ್ನು ತನ್ನ ಕೈ ಸ್ವಲ್ಪ ಸಡಿಲ ಹಿಡಿಯುತ್ತಿದೆಯೇ? ಅಳೆದ ತಲೆಗಳನ್ನು ಮತ್ತೆ ಅಳೆದನು. ತನ್ನ ಅಳತೆಯನ್ನು ಸಹಾಯಕನ ಅಳತೆಯೊಡನೆ ಹೋಲಿಸಿದನು. ಅಳೆಯುವವನ ಮನಸ್ಸಿನಿಂದ ಹುಟ್ಟುವ ವ್ಯತ್ಯಾಸವು ತಾನು ಹುಡುಕುತ್ತಿರುವ ವ್ಯತ್ಯಾಸದಷ್ಟೇ ಇದೆಯೆಂಬುದು ಕಂಡಿತು. ಅದನ್ನು ಮುಚ್ಚಿಡದೆ ಪ್ರಕಟಿಸಿ, ತಲೆಯ ಅಳತೆಯ ಮೇಲಿಟ್ಟಿದ್ದ ಆಸೆಯನ್ನು ಕೈಬಿಟ್ಟನು. ಸಾಲ್ಪೆಟ್ರಿಯೇರಿನಲ್ಲಿ ದೆಲ್ಬೊಫ್ ಬಂದು ತೋರಿಸಬೇಕಾಗಿದ್ದ ಪ್ರಮಾದವನ್ನು ಈ ಸಲ ಆತನು ತಾನೇ ಹಿಡಿದಿದ್ದನು.

ಲೌಕಿಕವಾದ ಯಶಸ್ಸು ಮಾತ್ರ ಆತನಿಗೆ ಒಲಿಯಲಿಲ್ಲ. ಫ್ರಾನ್ಸಿನಲ್ಲಿ ಒಂದು ಪೀಠವನ್ನು ಪಡೆಯಬೇಕೆಂದು ಆತನು ಹಂಬಲಿಸಿದನು. 1902ರಲ್ಲಿ ಕೊಲೇಜ್ ದ ಫ್ರಾನ್ಸ್‌ನಲ್ಲಿ ತೆರವಾದ ಪೀಠ ಪಿಯೆರ್ ಜಾನೆಗೆ ಹೋಯಿತು. ಸಭಾಭೀರುವೂ ಏಕಾಂತಪ್ರಿಯನೂ ಆದ ಬಿನೆ ಕೊನೆಯವರೆಗೂ ಪ್ರಾಧ್ಯಾಪಕನಾಗಲಿಲ್ಲ.

1882ರಲ್ಲಿ ಫ್ರಾನ್ಸ್ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿತ್ತು. ಹಿಂದೆ ಶಾಲೆಯ ಮುಖ ಕಾಣದಿದ್ದ ಮಕ್ಕಳೆಲ್ಲ ಈಗ ಬೆಂಚಿನ ಮೇಲೆ ಕುಳಿತರು. ಪಾಠ ಹತ್ತದ ಕೆಲವರನ್ನು ಏನು ಮಾಡಬೇಕೆಂಬ ಪ್ರಶ್ನೆ ಎದ್ದಿತು. 1904ರಲ್ಲಿ ಸರ್ಕಾರ ನೇಮಿಸಿದ ಸಮಿತಿಯಲ್ಲಿ ಬಿನೆಯೂ ಒಬ್ಬ ಸದಸ್ಯ. ಇಂಥ ಮಕ್ಕಳಿಗೆ ವಿಶೇಷ ತರಗತಿ ಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಆರಿಸುವವರು ಯಾರು? ಒಂದೇ ಮಗುವನ್ನು ಒಬ್ಬ ವೈದ್ಯ ಒಂದು ಹೆಸರಿನಿಂದಲೂ ಇನ್ನೊಬ್ಬ ವೈದ್ಯ ಮತ್ತೊಂದು ಹೆಸರಿನಿಂದಲೂ ಕರೆಯುವುದನ್ನು ಬಿನೆ ಕಂಡಿದ್ದನು. ಉಪಾಧ್ಯಾಯನು ತುಂಟನಾದ ಹುಡುಗನನ್ನು ಸಾಗಹಾಕುವ ನೆಪಕ್ಕಾಗಿ ಮಂದನೆಂದಾನು. ತಂದೆತಾಯಿಗಳು ತಮ್ಮ ಅನುಕೂಲ ನೋಡಿಕೊಂಡು ಮಾತಾಡಿಯಾರು. ಮನುಷ್ಯರ ತೀರ್ಪು ಹೇಗೆ ವಾಲುತ್ತದೆಂಬುದನ್ನು ಇಪ್ಪತ್ತು ವರ್ಷ ಕಂಡುಂಡವನಿಗೆ ಇದು ಹೊಸತಲ್ಲ.

ಆ ಹೊತ್ತಿಗೆ ತಿಯೋದೋರ್ ಸಿಮೋನ್ ಎಂಬ ತರುಣ ವೈದ್ಯನು ಆತನ ಬಲಗೈಯಾಗಿದ್ದನು. ಇಬ್ಬರೂ ಸೇರಿ 1905ರಲ್ಲಿ 30 ಸಣ್ಣ ಪರೀಕ್ಷೆಗಳ ಒಂದು ಸಾಲನ್ನು ಸಿದ್ಧಪಡಿಸಿದರು. ಉರಿಯುವ ಕಡ್ಡಿಯನ್ನು ಕಣ್ಣು ಹಿಂಬಾಲಿಸುತ್ತದೆಯೇ ಎಂಬಲ್ಲಿಂದ ಅದು ಆರಂಭವಾಗಿ, ಕೇಳಿದ ಅಂಕಿಗಳನ್ನು ಮರಳಿ ಹೇಳುವುದು, ನೋಡಲು ಒಂದೇ ತೆರನಾದ ಪೆಟ್ಟಿಗೆಗಳನ್ನು ತೂಕದ ಕ್ರಮದಲ್ಲಿ ಜೋಡಿಸುವುದು ಇವುಗಳನ್ನು ದಾಟಿ, ಗೌರವಕ್ಕೂ ಸ್ನೇಹಕ್ಕೂ ಇರುವ ಭೇದವನ್ನು ವಿವರಿಸುವಲ್ಲಿಗೆ ಮುಗಿಯುತ್ತಿತ್ತು. ಓದುಬರಹದ ಅಗತ್ಯವಿರಲಿಲ್ಲ. ಪ್ರಶ್ನೆಗಳಿಗಿಂತ ಹೆಚ್ಚು ಶ್ರದ್ಧೆಯಿಂದ ಬರೆದದ್ದು ಪ್ರಶ್ನಿಸುವವನಿಗೆ ಹಾಕಿದ ಕಟ್ಟುಪಾಡುಗಳನ್ನು. ಪ್ರಶಾಂತವಾದ ಕೋಣೆಯಲ್ಲಿ ಮಗುವನ್ನು ಪ್ರೀತಿಯಿಂದ ಬರಮಾಡಿಕೊಳ್ಳಬೇಕು. ಅಂಜಿದ್ದರೆ ಧೈರ್ಯ ಹೇಳಬೇಕು. ಆದರೆ ಮಾತಿನಿಂದಾಗಲಿ ಮುಖಭಾವದಿಂದಾಗಲಿ ಉತ್ತರವನ್ನು ಸೂಚಿಸಕೂಡದು. ಜೊತೆಯಲ್ಲಿ ಯಾರಾದರೂ ಇದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ಸಾಲ್ಪೆಟ್ರಿಯೇರಿನ ರೋಗಿಯ ಎದುರಿಗೆ ಮಾತಾಡಿಕೊಂಡವರ ಕಥೆ ಬಲ್ಲವರಿಗೆ ಈ ಕಟ್ಟುಪಾಡುಗಳ ಮೂಲ ತಾನಾಗಿ ಹೊಳೆಯುತ್ತದೆ.

1908ರಲ್ಲಿ ಪರೀಕ್ಷೆಗಳನ್ನು ವಯಸ್ಸಿಗೆ ಅನುಗುಣವಾಗಿ ವಿಂಗಡಿಸಲಾಯಿತು. ಆರು ವರ್ಷದ ಮಕ್ಕಳು ಸಾಮಾನ್ಯವಾಗಿ ಮಾಡಬಲ್ಲದ್ದೇನು, ಏಳು ವರ್ಷದವರು ಮಾಡಬಲ್ಲದ್ದೇನು ಎಂದು ನೋಡಿ, ಪರೀಕ್ಷೆಗೆ ಬಂದ ಮಗು ಯಾವ ಮೆಟ್ಟಿಲಿನಲ್ಲಿದೆಯೆಂದು ಹೇಳುವ ಕ್ರಮವಿದು. 1911ರಲ್ಲಿ ಮತ್ತೊಮ್ಮೆ ತಿದ್ದಲಾಯಿತು. ಇದು ಗಜಕಡ್ಡಿಯಿಂದ ಬಟ್ಟೆ ಅಳೆದಂತಲ್ಲ, ಇಂದಿನ ಸ್ಥಿತಿಯನ್ನು ತೋರಿಸುವ ಒಂದು ಗುರುತು ಮಾತ್ರ, ಶಿಕ್ಷಣದಿಂದ ಇದು ಬದಲಾಗತಕ್ಕದ್ದು ಎಂಬುದು ಆತನ ನಿಲುವು.

ಬದಲಾಗುವುದೆಂದು ಹೇಳಿ ಸುಮ್ಮನಿದ್ದವನಲ್ಲ ಬಿನೆ. ಪ್ಯಾರಿಸ್ಸಿನ ಕೂಲಿಕಾರರ ಬಡಾವಣೆಯ ಗ್ರಾಂಜ್-ಓ-ಬೆಲ್ ರಸ್ತೆಯಲ್ಲಿ ಒಂದು ಪ್ರಾಥಮಿಕ ಶಾಲೆಯಿತ್ತು. ಅದರ ಮುಖ್ಯೋಪಾಧ್ಯಾಯ ವಾನೆಯ ಸಹಕಾರದಿಂದ 1905ರಲ್ಲಿ ಅಲ್ಲಿಯೇ ಒಂದು ಶಿಕ್ಷಣ ಪ್ರಯೋಗಶಾಲೆ ತೆರೆಯಿತು. ಮಂದನೆನಿಸಿಕೊಂಡ ಹುಡುಗನಿಗೆ ಹಿಂದಿನ ಬೆಂಚಿನಿಂದ ಕಪ್ಪುಹಲಗೆ ಕಾಣಿಸುತ್ತಿದೆಯೇ ಎಂದು ಮೊದಲು ನೋಡಿರೆಂದನು. ವೈದ್ಯರಿಗಾಗಿ ಕಾಯದೆ ಉಪಾಧ್ಯಾಯರೇ ಕಣ್ಣನ್ನು ಪರೀಕ್ಷಿಸಬಹುದಾದ ಸರಳ ಅಕ್ಷರಪಟವನ್ನು ಸಿದ್ಧಗೊಳಿಸಿದನು. ಹಿಂದುಳಿದ ಮಕ್ಕಳ ತರಗತಿಯಲ್ಲಿ ಪಾಠಕ್ಕಿಂತ ಮೊದಲು ಮನಸ್ಸಿಗೆ ಸಾಮು ಕಲಿಸಲಾಗುತ್ತಿತ್ತು. ಗಂಟೆ ಹೊಡೆದೊಡನೆ ಎಲ್ಲರೂ ಶಿಲೆಗಳಂತೆ ಅಲುಗದೆ ನಿಲ್ಲುವ ಆಟ. ಕೆಲವು ಕ್ಷಣಗಳಲ್ಲಿ ಕಾಗದದ ಮೇಲೆ ಎಷ್ಟು ಚುಕ್ಕೆ ಇಡಬಲ್ಲೆನೆಂಬ ಪಂಥ. ಹಲಗೆಯ ಮೇಲೆ ಕ್ಷಣಕಾಲ ತೋರಿಸಿದ ವಸ್ತುಗಳನ್ನು ನೆನಪಿನಿಂದ ಬರೆಯುವ ಅಭ್ಯಾಸ. ನಿನ್ನೆಗಿಂತ ಇಂದು ಒಂದು ಹೆಚ್ಚಾದರೆ ಮಗುವಿಗೇ ಅದು ಕಾಣಿಸುತ್ತಿತ್ತು. ಒಮ್ಮೆ ಶಾಲೆಯನ್ನು ನೋಡಲು ಬಂದ ಸಂಸತ್ ಸದಸ್ಯರು ತಾವೂ ವಸ್ತುಗಳ ನೆನಪಿನ ಪರೀಕ್ಷೆಗೆ ನಿಂತರು. ದಡ್ಡರೆಂದು ಹೊರಗೆ ಹಾಕಿಸಿಕೊಂಡಿದ್ದ ಆ ಪುಟ್ಟ ಮಕ್ಕಳ ಮುಂದೆ ಅವರು ಹಿಂದೆ ಬಿದ್ದರು. 1909ರ ಏಪ್ರಿಲ್ 15ರಂದು ಇಂಥ ತರಗತಿಗಳಿಗೆ ಅವಕಾಶ ಕಲ್ಪಿಸುವ ಕಾಯಿದೆ ಫ್ರಾನ್ಸಿನಲ್ಲಿ ಜಾರಿಗೆ ಬಂದಿತು.

ಮಕ್ಕಳನ್ನು ಕುರಿತ ನೂತನ ವಿಚಾರಗಳನ್ನು ಬಿನೆ ಒಂದು ಗ್ರಂಥದಲ್ಲಿ ಸಂಗ್ರಹಿಸಿದ್ದೂ ಆ ದಿನಗಳಲ್ಲಿಯೇ. ಅದರಲ್ಲಿ ತನ್ನ ವಿದ್ಯಾರ್ಥಿ ದೆಸೆಯ ಒಂದು ಘಟನೆಯನ್ನು ನೆನೆದಿದ್ದಾನೆ. ಪರೀಕ್ಷೆಯೊಂದರಲ್ಲಿ ಒಬ್ಬ ಗ್ರೀಕ್ ತತ್ತ್ವಜ್ಞಾನಿಯ ವಿಷಯದಲ್ಲಿ ತಪ್ಪು ಹೇಳಿದ್ದಕ್ಕೆ ಸಿಟ್ಟುಗೊಂಡ ಪರೀಕ್ಷಕನು, ಈತನಿಗೆ ತಾತ್ತ್ವಿಕ ಬುದ್ಧಿ ಎಂದೆಂದಿಗೂ ಬಾರದೆಂದು ಮುಖಕ್ಕೆ ಹೇಳಿದ್ದನು. ಮೂರು ದಶಕಗಳ ಮೇಲೂ ಆ ಮಾತು ಮಾಸಿರಲಿಲ್ಲ. ಒಬ್ಬನ ಬುದ್ಧಿ ಇಷ್ಟೇ, ಇದಕ್ಕಿಂತ ಹೆಚ್ಚಾಗದು ಎಂದು ನಿರ್ಣಯಿಸುವ ನಿರ್ದಯ ನಿರಾಶಾವಾದವನ್ನು ಆತನು ಆ ಪುಟಗಳಲ್ಲಿ ಬಲವಾಗಿ ಖಂಡಿಸಿದ್ದಾನೆ.

1911ರ ಅಕ್ಟೋಬರ್ 18ರಂದು, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಬಿನೆ ಪ್ಯಾರಿಸ್ಸಿನಲ್ಲಿ ಕಣ್ಮುಚ್ಚಿದನು.

ಆತನ ಅಳತೆಗೋಲು ಮಾತ್ರ ಅಟ್ಲಾಂಟಿಕ್ ಸಾಗರವನ್ನು ದಾಟಿತು. ಆತನ ಸಂದೇಹ ದಾಟಲಿಲ್ಲ. ಅಮೆರಿಕದ ಗೊಡಾರ್ಡ್ ಅದನ್ನು ಇಂಗ್ಲಿಷಿಗೆ ತಂದು, ಬುದ್ಧಿಯು ಹುಟ್ಟಿನಿಂದಲೇ ನಿಶ್ಚಿತವೆಂಬ ವಾದಕ್ಕೆ ಆಧಾರ ಮಾಡಿಕೊಂಡನು. 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸುವ ಸೂತ್ರ ಕೊಟ್ಟನು. 1916ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಟರ್ಮನ್ ಅದನ್ನು ನೂರರಿಂದ ಗುಣಿಸಿ, ಬುದ್ಧಿಲಬ್ಧವೆಂಬ ಒಂದೇ ಅಂಕಿಯನ್ನು ಬಳಕೆಗೆ ತಂದನು. ಮೊದಲನೆಯ ಮಹಾಯುದ್ಧದಲ್ಲಿ ಸುಮಾರು 17 ಲಕ್ಷ ಅಮೆರಿಕನ್ ಸೈನಿಕರು ಗುಂಪುಗುಂಪಾಗಿ ಬುದ್ಧಿಪರೀಕ್ಷೆಗೆ ಕುಳಿತರು. 1927ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಬುದ್ಧಿಮಾಂದ್ಯವುಳ್ಳವಳೆಂದು ಹೆಸರಿಟ್ಟ ತರುಣಿಯೊಬ್ಬಳಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದನ್ನು ಎತ್ತಿಹಿಡಿದಾಗ, ಆಕೆಯ ಮೇಲಿನ ಸಾಕ್ಷ್ಯಗಳಲ್ಲಿ ಈ ಬಗೆಯ ಪರೀಕ್ಷೆಯ ಅಂಕಿಯೂ ಸೇರಿತ್ತು. ಮಗುವನ್ನು ಮೇಲೆತ್ತಲು ಮಾಡಿದ ಮೆಟ್ಟಿಲು ಮನುಷ್ಯನನ್ನು ಹೊರಗಟ್ಟುವ ಬಾಗಿಲಾಯಿತು. 1961ರವರೆಗೆ ಬದುಕಿದ್ದ ಸಿಮೋನ್ ಇದನ್ನೆಲ್ಲ ಕಂಡು, ಆ ಒಂಟಿ ಅಂಕಿ ತಮ್ಮ ಉದ್ದೇಶಕ್ಕೆ ಬಗೆದ ದ್ರೋಹವೆಂದೇ ಭಾವಿಸಿದ್ದನು.

ಆದರೆ ಗ್ರಾಂಜ್-ಓ-ಬೆಲ್ ರಸ್ತೆಯ ಶಾಲೆ ಬರಡಾಗಲಿಲ್ಲ. 1920ರ ಸುಮಾರಿಗೆ ಸಿಮೋನ್ ಅಲ್ಲಿಗೆ ಸ್ವಿಟ್ಜರ್ಲೆಂಡಿನ ಒಬ್ಬ ತರುಣನನ್ನು ಕಳುಹಿಸಿದನು. ಮಕ್ಕಳ ಸರಿಯುತ್ತರಗಳನ್ನು ಎಣಿಸುವುದು ಆತನಿಗೆ ಒಪ್ಪಿಸಿದ ಕೆಲಸ. ಆತನಿಗೆ ತಪ್ಪು ಉತ್ತರಗಳಲ್ಲಿಯೇ ಹೆಚ್ಚಿನ ಕುತೂಹಲ ಹುಟ್ಟಿತು. ಮಗುವಿನೊಡನೆ ಕುಳಿತು, ಹೀಗೇಕೆ ಎಣಿಸಿದೆಯೆಂದು ಕೇಳುತ್ತ ಹೋದನು. ಆತನೇ ಜೀನ್ ಪಿಯಾಜೆ.

ಕನ್ನಡ ನಾಡಿಗೂ ಬಿನೆಯ ಪ್ರಶ್ನೆಗಳು ಬಂದವು. ಬಾಂಬೆ-ಕರ್ನಾಟಕದ ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಆ ಪರೀಕ್ಷೆಗಳನ್ನು ಪರಿಷ್ಕರಿಸಿ, 1934ರಲ್ಲಿ ಬ್ರಿಟನ್ನಿನ ಶಿಕ್ಷಣ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಆ ಕಾರ್ಯವನ್ನು ವಿವರಿಸಿದರು. 1940ರಲ್ಲಿ ಅವರ ಗ್ರಂಥವನ್ನು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಪ್ರಕಟಿಸಿತು. ಪ್ಯಾರಿಸ್ಸಿನ ಕೂಲಿಕಾರರ ಮಕ್ಕಳಿಗೆಂದು ಹುಟ್ಟಿದ ಪ್ರಶ್ನೆಗಳಿಗೆ ಹೀಗೆ ಕನ್ನಡದ ಮಕ್ಕಳೂ ತಮ್ಮ ತಾಯ್ನುಡಿಯಲ್ಲಿಯೇ ಉತ್ತರ ಹೇಳಿದರು.